ಆರು ಜನರ ಕುಣಿತ, ಒಂದು ಕಲ್ಲು

ಮೊದಲು ಒಂದು ಸೀನ್ ಬಗ್ಗೆ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. 2010ರಲ್ಲಿ ಬಂದ 'ದಿ ಲಾಸ್ಟ್ ಏರ್‌ಬೆಂಡರ್' ಸಿನಿಮಾದಲ್ಲಿ ಕಲ್ಲು-ಮಣ್ಣನ್ನು ತಮಗೆ ಬೇಕಾದಂತೆ ಆಡಿಸುವ ಶಕ್ತಿ ಇರೋ ಜನರ ಒಂದು ಊರು ಬರುತ್ತದೆ. ಶತ್ರು ಸೈನಿಕರು ಅವರನ್ನು ಅಲ್ಲೇ ಸೆರೆಯಲ್ಲಿಟ್ಟಿದ್ದಾರೆ. ಹೀರೋ ಹುಡುಗ ಬಂದು ಎರಡು ಮಾತಾಡಿ ಹುರಿದುಂಬಿಸುತ್ತಾನೆ, ಜನ ತಿರುಗಿ ಬೀಳುತ್ತಾರೆ. ಆರು ಜನ ಗಂಡಸರು ಒಟ್ಟಿಗೆ ನಿಂತು ಕಾಲು ಅಪ್ಪಳಿಸುತ್ತಾರೆ, ಕೈ ಬೀಸುತ್ತಾರೆ, ಮೈ ತಿರುಗಿಸುತ್ತಾರೆ, ಮತ್ತೆ ಕಾಲು ಅಪ್ಪಳಿಸುತ್ತಾರೆ. ಕ್ಯಾಮೆರಾ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಈಗ ಬೆಟ್ಟ ಬಿರಿಯುತ್ತೆ, ಈಗ ನೆಲ ಬಾಯಿ ಬಿಡುತ್ತೆ ಅಂತ ನಾವು ಕುರ್ಚಿ ತುದಿಗೆ ಬಂದು ಕೂತಿರುತ್ತೇವೆ. ಆಗ ತೇಲಿಕೊಂಡು ಬರುತ್ತದೆ ಒಂದು ಕಲ್ಲು. ಒಂದೇ ಕಲ್ಲು. ಅದರ ವೇಗ ಎಷ್ಟಪ್ಪಾ ಅಂದರೆ, ಅದೇ ಕಲ್ಲನ್ನು ಯಾರಾದರೂ ಬಗ್ಗಿ ಎತ್ತಿ ಕೈಯಲ್ಲೇ ಬೀಸಿ ಎಸೆದಿದ್ದರೆ ಇನ್ನೂ ಬೇಗ ಹೋಗುತ್ತಿತ್ತು.

ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಳ್ಳಬೇಕಾಗುತ್ತದೆ. ಆದರೆ ಅದು ನಗಿಸೋಕೆ ಮಾಡಿದ ಸೀನ್ ಅಲ್ಲ. ನನ್ನ ಬೇಜಾರು ಶುರುವಾಗುವುದೇ ಅಲ್ಲಿಂದ. ಯಾಕಂದರೆ ಈ ಸಿನಿಮಾ ಹುಟ್ಟಿದ್ದು ಮಕ್ಕಳ ಒಂದು ಕಾರ್ಟೂನಿನಿಂದ, ಮತ್ತು ಆ ಕಾರ್ಟೂನು ಇದೇ ಘಟನೆಯನ್ನು ಹೇಳಿದ ರೀತಿ ನೋಡಿದರೆ ಇವರು ಏನನ್ನು ಕೈಬಿಟ್ಟರು ಅನ್ನೋದು ಗೊತ್ತಾಗುತ್ತದೆ.

ಕಾರ್ಟೂನಿನ ಹೆಸರು 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್'. ಮೈಕೆಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯನ್ ಕೋನಿಯೆಟ್ಸ್ಕೊ ಸೇರಿ ಕಟ್ಟಿದ ಕಥೆ. ನಿಕಲೋಡಿಯನ್ ಚಾನೆಲ್‌ನಲ್ಲಿ 2005ರಿಂದ 2008ರವರೆಗೆ ಬಂತು, ಮೂರು ಸೀಸನ್, 61 ಎಪಿಸೋಡು. ನೀರು, ಮಣ್ಣು, ಬೆಂಕಿ, ಗಾಳಿ ಅಂತ ನಾಲ್ಕು ನಾಡು. ಪ್ರತಿ ನಾಡಿನಲ್ಲೂ ಪಂಚಭೂತಗಳಲ್ಲಿ ತಮ್ಮ ನಾಡಿನದ್ದನ್ನು ಆಡಿಸಬಲ್ಲವರು ಇರುತ್ತಾರೆ, ಅವರಿಗೆ ಬೆಂಡರ್‌ಗಳು ಅಂತ ಹೆಸರು. ಬೆಂಕಿ ನಾಡು ಜಗತ್ತಿನ ಮೇಲೆ ಯುದ್ಧ ಸಾರಿದೆ. ನಾಲ್ಕೂ ಶಕ್ತಿ ಇರುವ ಅವತಾರ ಪುರುಷ ಅಂದರೆ 12 ವರ್ಷದ ಆ್ಯಂಗ್ ಅನ್ನೋ ಹುಡುಗ, ಅವನು ನೂರು ವರ್ಷ ಮಂಜುಗಡ್ಡೆಯೊಳಗೆ ನಿದ್ದೆ ಮಾಡಿ ಈಗ ಎದ್ದಿದ್ದಾನೆ. ಕಟಾರಾ ಮತ್ತು ಸಾಕಾ ಅನ್ನೋ ಅಕ್ಕ-ಪಕ್ಕ ಬಿಡದ ತಂಗಿ-ಅಣ್ಣ ಅವನ ಜೊತೆಯಾಗುತ್ತಾರೆ. ಇಷ್ಟು ಗೊತ್ತಿದ್ದರೆ ಸಾಕು.

ಈಗ ಆ ಸೆರೆಮನೆ. ಕಾರ್ಟೂನಿನ ಮೊದಲ ಸೀಸನ್ನಿನ ಆರನೇ ಎಪಿಸೋಡು. ಅಲ್ಲಿ ಕೈದಿಗಳನ್ನು ಇಟ್ಟಿರುವುದು ಸಮುದ್ರದ ನಡುವೆ, ಪೂರ್ತಿ ಕಬ್ಬಿಣದ ಕಟ್ಟೆಯ ಮೇಲೆ. ಮಣ್ಣು ಆಡಿಸೋರನ್ನು ಕೂಡಿಹಾಕಬೇಕು ಅಂದರೆ ಮಣ್ಣೇ ಸಿಗದ ಜಾಗ ಬೇಕು ಅಲ್ವಾ? ಚಿಕ್ಕ ಮಗುವಿಗೂ ಹೊಳೆಯುವ ಲೆಕ್ಕ. ಕಟಾರಾ ಬೇಕು ಅಂತಲೇ ಸಿಕ್ಕಿಬಿದ್ದು ಆ ಸೆರೆಮನೆ ಒಳಗೆ ಹೋಗುತ್ತಾಳೆ. ಸಿಕ್ಕಿಬೀಳಬೇಕು ಅಂದರೆ ತಾನು ಮಣ್ಣು ಆಡಿಸುವವಳು ಅಂತ ಸೈನಿಕರಿಗೆ ತೋರಿಸಬೇಕು. ಅದಕ್ಕೆ ಆ್ಯಂಗ್ ಗಾಳಿಕಿಂಡಿಯೊಳಗೆ ಅಡಗಿ ಕೂತು ಗಾಳಿ ಊದಿ ಬಂಡೆ ಎತ್ತುತ್ತಾನೆ. ಅಷ್ಟರಲ್ಲಿ ಅವರ ಜೊತೆ ಇರೋ ಲೀಮರ್ ಮರಿ ಬಂಡೆ ಹತ್ತಿರ ಬಂದು ಕೂರುತ್ತದೆ. ಸೈನಿಕ ಅದನ್ನು ನೋಡಿ, ಬಂಡೆ ಎತ್ತುತ್ತಿರೋದು ಆ ಪ್ರಾಣಿಯೇ ಅಂತ ಬೆಚ್ಚಿಬೀಳುತ್ತಾನೆ. ಅಯ್ಯೋ ದಡ್ಡ, ಪ್ರಾಣಿಯಲ್ಲ, ಹುಡುಗಿ ಅಂತ ಸಾಕಾನೇ ಅವನಿಗೆ ತಿದ್ದಿ ಹೇಳಬೇಕಾಗುತ್ತದೆ.

ಒಳಗೆ ಹೋದ ಕಟಾರಾ ಕೈದಿಗಳ ಮುಂದೆ ಎದೆಯುಬ್ಬಿಸಿ ಭಾಷಣ ಮಾಡುತ್ತಾಳೆ. ಒಬ್ಬರೂ ಅಲ್ಲಾಡುವುದಿಲ್ಲ. ಸುಮ್ನೆ ತಲೆ ತಗ್ಗಿಸಿ ಗಂಜಿ ಕುಡಿಯುತ್ತಾರೆ. ಆ ಮೌನ ಇದೆಯಲ್ಲ, ಅದು ಎಷ್ಟೋ ದೊಡ್ಡ ಯುದ್ಧದ ಸಿನಿಮಾಗಳಲ್ಲೂ ಸಿಗಲ್ಲ. ಸೋತು ಸೋತು ಬಳಲಿದ ಜನಕ್ಕೆ ಒಳ್ಳೆ ಮಾತು ಸಾಲುವುದಿಲ್ಲ ಅಂತ ಮಕ್ಕಳ ಕಾರ್ಟೂನು ಸೀದಾ ಹೇಳುತ್ತದೆ. ಆಮೇಲೆ ಅವರಿಗೆ ಹೊಳೆಯುತ್ತದೆ, ಆ ಕಬ್ಬಿಣದ ಕಟ್ಟೆ ನಡೆಯುವುದು ಕಲ್ಲಿದ್ದಲಿನಿಂದ. ಕಲ್ಲಿದ್ದಲೂ ನೆಲದ್ದೇ. ಆ್ಯಂಗ್ ಕೆಳಗಿನಿಂದ ಗಾಳಿ ಹೊಡೆದು ರಾಶಿ ಕಲ್ಲಿದ್ದಲನ್ನು ಮೇಲಕ್ಕೆ ತಳ್ಳುತ್ತಾನೆ. ಆಗಲೂ ಕೈದಿಗಳು ಮುಟ್ಟುವುದಿಲ್ಲ! ಸೆರೆಮನೆಯ ಅಧಿಕಾರಿ ಅವರನ್ನು ಆಡಿಕೊಂಡು ನಕ್ಕು ಬೆನ್ನು ತಿರುಗಿಸುತ್ತಾನೆ, ಹಿಂದಿನಿಂದ ಒಂದು ತುಂಡು ಕಲ್ಲಿದ್ದಲು ಬಂದು ಅವನ ತಲೆಗೆ ಟಪ್ ಅಂತ ಬಡಿಯುತ್ತದೆ. ಒಬ್ಬ ಹುಡುಗ ಎಸೆದದ್ದು. ಅಲ್ಲಿಂದ ಎಲ್ಲ ಶುರು.

ಸಿನಿಮಾದಲ್ಲಿ ಏನಾಗಿದೆ ಗೊತ್ತಾ? ಸೆರೆ ಇರುವುದೇ ಮಣ್ಣಿನ ನೆಲದಲ್ಲಿ. ಸುತ್ತ ಬಂಡೆ, ಕಲ್ಲು, ಗುಡ್ಡ. ಆ್ಯಂಗ್ ಬಂದು ನಿಮ್ಮ ಕಾಲಡಿಯಲ್ಲೇ ಮಣ್ಣಿದೆಯಲ್ಲಾ ಅನ್ನೋ ಅರ್ಥದ ಮಾತು ಹೇಳುತ್ತಾನೆ. ಅಷ್ಟು ಹೇಳಿದ್ದೇ ತಡ, ಎಲ್ಲರಿಗೂ ನೆನಪಾಗುತ್ತದೆ. ಅಲ್ಲ ಸ್ವಾಮಿ, ಇಷ್ಟು ದಿನ ಇವರು ನಿಂತಿದ್ದು ಯಾವುದರ ಮೇಲೆ? ಕಾರ್ಟೂನಿನಲ್ಲಿ ಜಾಣತನ, ಭಯ, ನಾಚಿಕೆ, ಆಮೇಲೆ ಧೈರ್ಯ ಅಂತ ಮೆಟ್ಟಿಲು ಮೆಟ್ಟಿಲಾಗಿ ಬಂದದ್ದು ಇಲ್ಲಿ ಮರೆವಿನ ಕಾಯಿಲೆಯಾಗಿ ಉಳಿದಿದೆ.

ಆ ಕುಣಿತದ ವಿಷಯಕ್ಕೂ ಒಂದು ಮಾತು. ಕಾರ್ಟೂನಿನವರು ಒಂದೊಂದು ಶಕ್ತಿಗೂ ಒಂದೊಂದು ನಿಜವಾದ ಚೀನೀ ಸಮರಕಲೆಯನ್ನು ಆರಿಸಿದ್ದರು. ನೀರಿಗೆ ತಾಯ್ ಚಿ, ಮಣ್ಣಿಗೆ ಹುಂಗ್ ಗಾರ್, ಬೆಂಕಿಗೆ ಉತ್ತರದ ಶಾವೊಲಿನ್, ಗಾಳಿಗೆ ಬಾಗುವಾ. ಹುಂಗ್ ಗಾರ್‌ನಲ್ಲಿ ನಿಲುವು ಗಟ್ಟಿ, ಕಾಲು ನೆಲಕ್ಕೆ ಬೇರು ಬಿಟ್ಟಂತೆ ಇರುತ್ತದೆ. ಹಾಗಾಗಿ ಕಾರ್ಟೂನಿನಲ್ಲಿ ಕಾಲು ಊರಿದರೆ ಬಂಡೆ ಏಳುತ್ತದೆ, ಮುಷ್ಟಿ ಮುಂದೆ ಹೋದರೆ ಬಂಡೆ ಮುಂದೆ ಹೋಗುತ್ತದೆ. ಮೈಯ ಚಲನೆಗೂ ಕಲ್ಲಿನ ಚಲನೆಗೂ ನಡುವೆ ಅಂತರವೇ ಇಲ್ಲ. ಪಾತ್ರದ ತೂಕ ನಮ್ಮ ಮೈಗೇ ತಾಗುತ್ತದೆ. ಸಿನಿಮಾದಲ್ಲಿ ಮೊದಲು ಎಲ್ಲರೂ ಕೈಕಾಲು ಆಡಿಸಿ ಮುಗಿಸುತ್ತಾರೆ, ಆಮೇಲೆ ಗ್ರಾಫಿಕ್ಸ್ ತನ್ನ ಪಾಡಿಗೆ ತಾನು ಬರುತ್ತದೆ. ಎರಡಕ್ಕೂ ಸಂಬಂಧ ಇಲ್ಲ. ಗ್ರಾಫಿಕ್ಸ್ ಮಾಡಿದವರೇನೂ ಕಡಿಮೆಯವರಲ್ಲ, ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಕಂಪನಿ. ಬಜೆಟ್ 15 ಕೋಟಿ ಡಾಲರ್. ಆ್ಯಂಗ್ ಆದ ಹುಡುಗ ನೋವಾ ರಿಂಗರ್ ನಿಜವಾಗಿಯೂ ಟೇಕ್ವಾಂಡೊ ಕಲಿತವನು, ಕೋಲು ತಿರುಗಿಸುವಾಗ ಅವನ ಮೈ ಚೆನ್ನಾಗಿ ಓಡುತ್ತದೆ. ಅದು ಅವನ ಮೊದಲ ಸಿನಿಮಾ. ಅವನನ್ನು ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಗಬೇಡ, ಓಡಾಡಬೇಡ, ಗಂಭೀರವಾಗಿ ನಿಂತು ಡೈಲಾಗ್ ಹೇಳು ಅಂದರೆ ಆ ಮಗು ಇನ್ನೇನು ಮಾಡಬೇಕಿತ್ತು?

ಬೆಂಕಿಯ ಕಥೆ ಇನ್ನೂ ಚೆಂದ. ಕಾರ್ಟೂನಿನಲ್ಲಿ ಬೆಂಕಿ ಹುಟ್ಟುವುದು ಉಸಿರಿನಿಂದ. ಉಳಿದ ಮೂರು ಕಡೆಯವರು ತಮಗೆ ಬೇಕಾದ್ದನ್ನು ಸುತ್ತಮುತ್ತ ಹುಡುಕಬೇಕು, ಬೆಂಕಿಯವರು ಮಾತ್ರ ತಮ್ಮ ಒಳಗಿನಿಂದಲೇ ತೆಗೆಯುತ್ತಾರೆ. ಅವರು ಯಾಕೆ ಅಷ್ಟು ಅಪಾಯಕಾರಿ, ನೂರು ವರ್ಷದಿಂದ ಯಾಕೆ ಗೆಲ್ಲುತ್ತಿದ್ದಾರೆ ಅನ್ನೋದಕ್ಕೆ ಇದೊಂದೇ ನಿಯಮ ಸಾಕು. ಸಿನಿಮಾ ಆ ನಿಯಮವನ್ನೇ ತಿರುಗಿಸಿತು. ಇಲ್ಲಿ ಬೆಂಕಿ ಸೈನಿಕರಿಗೆ ಪಕ್ಕದಲ್ಲಿ ಉರಿಯುವ ಬೆಂಕಿ ಇರಲೇಬೇಕು, ಇಲ್ಲದಿದ್ದರೆ ಏನೂ ನಡೆಯಲ್ಲ. ಬರಿಗೈಯಿಂದ ಬೆಂಕಿ ತೆಗೆಯುವುದು ಎಲ್ಲೋ ಒಬ್ಬಿಬ್ಬರು ಮಹಾಗುರುಗಳಿಗೆ ಮಾತ್ರ ಸಾಧ್ಯ. ಕೊನೆಯ ಕಡೆ ಬೆಂಕಿ ನಾಡಿನ ರಾಜಕುಮಾರ ಜೂಕೋನ ದೊಡ್ಡಪ್ಪ ಐರೋ ಹಾಗೆ ಮಾಡಿದಾಗ ಸುತ್ತ ನಿಂತವರೆಲ್ಲ ಬೆಕ್ಕಸಬೆರಗಾಗುತ್ತಾರೆ. ಕಾರ್ಟೂನಿನಲ್ಲಿ ಅದು ಸಾಮಾನ್ಯ ಸಿಪಾಯಿಯ ದಿನನಿತ್ಯದ ಕೆಲಸ.

ಈ ಬದಲಾವಣೆಯ ಗತಿ ಏನಾಯಿತು ನೋಡಿ. ಜಗತ್ತನ್ನೇ ನಡುಗಿಸುವ ಸೈನ್ಯ ಈಗ ಹೋದಲ್ಲೆಲ್ಲ ಕುಂಪಟೆ ಹೊತ್ತುಕೊಂಡು ಹೋಗಬೇಕು. ಅಂಥ ಸೈನ್ಯ ಹೋಗಿ ದಾಳಿ ಮಾಡುವುದು ಯಾರ ಮೇಲೆ? ನೀರನ್ನು ಆಡಿಸುವವರ ಮೇಲೆ! ನೀರಿನವರ ರಾಜಧಾನಿಗೆ, ಹಿಮದ ಊರಿಗೆ. ಒಂದು ಕೊಡ ನೀರು ಸುರಿದರೆ ಯುದ್ಧ ಮುಗಿಯಿತು. ಕಥೆಯಲ್ಲಿ ಮಾಯಾಜಾಲ ಇದ್ದರೆ ಲೆಕ್ಕ ಬೇಡ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಪೂರ್ತಿ ಉಲ್ಟಾ. ಮಾಯಾಜಾಲದ ಕಥೆಗೇ ಲೆಕ್ಕ ಜಾಸ್ತಿ ಬೇಕು. ಮಕ್ಕಳು ನಿಯಮ ನೆನಪಿಟ್ಟುಕೊಳ್ಳುತ್ತಾರೆ, ನೀವು ಮರೆತರೂ ಅವರು ಮರೆಯಲ್ಲ.

ನಿರ್ದೇಶಕರು ಎಂ. ನೈಟ್ ಶ್ಯಾಮಲನ್. ಹುಟ್ಟಿದ್ದು ನಮ್ಮ ಮಾಹೆಯಲ್ಲಿ, ಬೆಳೆದದ್ದು ಅಮೆರಿಕದಲ್ಲಿ. 1999ರ 'ದಿ ಸಿಕ್ಸ್ತ್ ಸೆನ್ಸ್' ಮಾಡಿದವರು, ಅಂದರೆ ಒಂದು ಮಗುವಿನ ಮುಖದ ಮೇಲೆ ಕ್ಯಾಮೆರಾ ಇಟ್ಟು ಇಡೀ ಥಿಯೇಟರನ್ನು ಉಸಿರು ಬಿಗಿಹಿಡಿದು ಕೂರಿಸಬಲ್ಲವರು. ಅವರ ಮಕ್ಕಳಿಗೆ ಈ ಕಾರ್ಟೂನು ಇಷ್ಟ, ಹಾಗಾಗಿ ಅವರ ಕಣ್ಣಿಗೂ ಬಿತ್ತು. ಪ್ರೀತಿ ಇರಲಿಲ್ಲ ಅಂತ ನಾನು ಹೇಳಲ್ಲ. ಆದರೆ 20 ಎಪಿಸೋಡುಗಳ ಒಂದು ಸೀಸನ್ನು, ಅಂದರೆ ಏಳು ಗಂಟೆಗೂ ಜಾಸ್ತಿ ಕಥೆ, 103 ನಿಮಿಷಕ್ಕೆ ಇಳಿಸುವಾಗ ಏನನ್ನು ಉಳಿಸಿಕೊಳ್ಳಬೇಕು ಅನ್ನುವ ಆಯ್ಕೆ ಇತ್ತಲ್ಲ, ಅಲ್ಲಿ ಅವರು ಘಟನೆಗಳನ್ನು ಉಳಿಸಿಕೊಂಡು ಮನುಷ್ಯರನ್ನು ಬಿಟ್ಟರು.

ಇದಕ್ಕೆ ಸಾಕ್ಷಿ ಬೇಕಾದರೆ ಸಾಕಾ ಮತ್ತು ಆ ಹಿಮದ ಊರಿನ ರಾಜಕುಮಾರಿ ಯೂಎ ಪ್ರೀತಿ ನೋಡಿ. ಸಿನಿಮಾದಲ್ಲಿ ಕಟಾರಾಳ ಧ್ವನಿ ಹಿನ್ನೆಲೆಯಲ್ಲಿ ಹೇಳುತ್ತದೆ, ನನ್ನ ಅಣ್ಣ ಮತ್ತು ರಾಜಕುಮಾರಿ ತಕ್ಷಣ ಸ್ನೇಹಿತರಾದರು ಅಂತ. ಮುಗಿಯಿತು. ಆಗಿಬಿಟ್ಟರು! ನಾವು ಅವರು ಮಾತಾಡಿದ್ದನ್ನು ನೋಡಲಿಲ್ಲ, ನಕ್ಕಿದ್ದನ್ನು ನೋಡಲಿಲ್ಲ, ಆದರೂ ವರದಿ ಬಂದಿದೆ, ನಂಬಿಕೊಳ್ಳಿ. ಆಮೇಲೆ ಆ ಹುಡುಗಿ ಜನರಿಗೋಸ್ಕರ ಪ್ರಾಣ ಕೊಡುವಾಗ ಸಿನಿಮಾ ನಾವು ಅಳಬೇಕು ಅಂತ ಕಾಯುತ್ತದೆ. ಯಾರಿಗೋಸ್ಕರ ಅಳೋದು? ನಮಗೆ ಪರಿಚಯವೇ ಆಗಿಲ್ಲವಲ್ಲ.

ಕಾರ್ಟೂನಿನಲ್ಲಿ ಸಾಕಾ ಅವಳಿಗೆ ಕೊಡೋಕೆ ಕೈಯಾರೆ ಒಂದು ಗೊಂಬೆ ಕೆತ್ತುತ್ತಾನೆ. ಅವಳು ನೋಡಿ ಖುಷಿಯಿಂದ ಕರಡಿ ಅನ್ನುತ್ತಾಳೆ. ಅಲ್ಲ, ಮೀನು, ಇಲ್ಲಿ ರೆಕ್ಕೆ ಇದೆ ನೋಡು ಅಂತ ಇವನು ತೋರಿಸುತ್ತಾನೆ. ಸೇತುವೆ ಮೇಲೆ ನಿಂತ ಇಬ್ಬರು ಹದಿಹರೆಯದವರು, ಒಂದು ಕೆಟ್ಟ ಕೆತ್ತನೆ, ಎರಡು ಮಾತು. ಇಡೀ ಸೀನಿಗೆ ಒಂದು ನಿಮಿಷವೂ ಬೇಕಾಗಿಲ್ಲ. ಆದರೆ ಅಷ್ಟರಲ್ಲಿ ಹುಡುಗನ ಪೆದ್ದುತನವೂ ಗೊತ್ತಾಯಿತು, ಹುಡುಗಿಯ ಒಳ್ಳೆಯತನವೂ ಗೊತ್ತಾಯಿತು, ಇವರಿಬ್ಬರೂ ಜೊತೆಗಿರಲಿ ಅನ್ನೋ ಆಸೆಯೂ ನಮ್ಮಲ್ಲಿ ಹುಟ್ಟಿತು. ಹಿನ್ನೆಲೆ ಧ್ವನಿ ಓದಿ ಹೇಳುವ ಸಮಯದಲ್ಲೇ ಇದನ್ನು ತೋರಿಸಬಹುದಿತ್ತು. ಸಮಯ ಸಾಲಲಿಲ್ಲ ಅನ್ನುವ ಸಬೂಬು ನಾನು ಒಪ್ಪದಿರುವುದು ಇದಕ್ಕೇ.

ಅದೇ ರಾಜಕುಮಾರಿಯ ಬಾಯಲ್ಲಿ ಇನ್ನೊಂದು ಡೈಲಾಗ್ ಇದೆ. ಬೆಂಕಿ ನಾಡಿನವರು ಅವರ ನಂಬಿಕೆಗಳನ್ನು ನಂಬುವಷ್ಟೇ ನಾವೂ ನಮ್ಮ ನಂಬಿಕೆಗಳನ್ನು ನಂಬುತ್ತೇವೆ ಅಂತ ತೋರಿಸುವ ಕಾಲ ಬಂದಿದೆ, ಅನ್ನೋ ಧಾಟಿಯದ್ದು. ಯುದ್ಧಕ್ಕೆ ಮುಂಚೆ ಜನರ ರಕ್ತ ಕುದಿಸಬೇಕಾದ ಮಾತು ಇದು! ಕೇಳಿದವರು ಕತ್ತಿ ಹಿಡಿಯುವ ಮೊದಲು ವಾಕ್ಯವನ್ನು ಇನ್ನೊಂದು ಸಲ ಹೇಳಮ್ಮಾ ಅನ್ನಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು ನಗು ಹೋದದ್ದಕ್ಕೆ. ಕಾರ್ಟೂನಿನ ಮೊದಲ ಎಪಿಸೋಡಿನಲ್ಲಿ ಆ್ಯಂಗ್ ಮಂಜಿನಿಂದ ಹೊರಬಂದು ಕಟಾರಾಳ ಕೈಯಲ್ಲಿ ಕಣ್ಣು ಬಿಡುತ್ತಾನೆ. ಏನೋ ದೊಡ್ಡ ರಹಸ್ಯ ಹೇಳುವವನ ಹಾಗೆ ಹತ್ತಿರ ಬಾ ಅನ್ನುತ್ತಾನೆ. ಅವಳು ಬಗ್ಗುತ್ತಾಳೆ. ನನ್ನ ಜೊತೆ ಪೆಂಗ್ವಿನ್ ಮೇಲೆ ಕೂತು ಜಾರೋಕೆ ಬರ್ತೀಯಾ ಅಂತ ಕೇಳುತ್ತಾನೆ. ಜಗತ್ತನ್ನು ಉಳಿಸಬೇಕಾದವನ ಮೊದಲ ಮಾತು ಅದು. ಇವನು ಇನ್ನೂ ಮಗು, ಇವನ ತಲೆಯ ಮೇಲೆ ಎಂಥಾ ಹೊರೆ ಬೀಳಲಿದೆ ಅಂತ ಒಂದೇ ಸಾಲಿನಲ್ಲಿ ನಮಗೆ ಗೊತ್ತಾಗುತ್ತದೆ. ಸಿನಿಮಾದ ಆ್ಯಂಗ್ ಕಣ್ಣು ಬಿಟ್ಟಾಗಿನಿಂದಲೇ ಚಿಂತೆಯಲ್ಲಿದ್ದಾನೆ.

ಸಾಕಾನ ಕಥೆಯೂ ಅಷ್ಟೇ. ಅಪ್ಪ ಯುದ್ಧಕ್ಕೆ ಹೋಗಿದ್ದಾನೆ, ಊರು ಕಾಯುವ ಹೊಣೆ ಇವನದ್ದು. ಊರಲ್ಲಿ ಉಳಿದ ಪುಟ್ಟ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಯುದ್ಧ ಕಲಿಸುತ್ತಾನೆ, ಮಧ್ಯದಲ್ಲಿ ಒಬ್ಬನಿಗೆ ಒಂದಕ್ಕೆ ಬರುತ್ತದೆ. ಆಮೇಲೆ ಶತ್ರುವಿನ ದೈತ್ಯ ಹಡಗು ಬಂದಾಗ ಇವನು ಮುಖಕ್ಕೆ ಬಣ್ಣ ಹಚ್ಚಿಕೊಂಡು, ಮಂಜಿನ ಗೋಡೆಯ ಮೇಲೆ ಒಬ್ಬನೇ ಎದುರು ನಿಲ್ಲುತ್ತಾನೆ. ಹಡಗಿನ ಮುಂದೆ ಅವನು ಇರುವೆಯಷ್ಟು. ನಗು ಬರುತ್ತದೆ, ಅದೇ ಹೊತ್ತಿಗೆ ಗಂಟಲು ಕಟ್ಟುತ್ತದೆ. ಎರಡೂ ಒಟ್ಟಿಗೆ. ಸಿನಿಮಾದಲ್ಲಿ ಸಾಕಾ ಎಂಬ ಹೆಸರಿನ ಒಬ್ಬ ಯುವಕ ಹುಬ್ಬು ಗಂಟಿಕ್ಕಿಕೊಂಡು ಓಡಾಡುತ್ತಾನೆ.

ಮೂರನೇ ಎಪಿಸೋಡಿನ ಗ್ಯಾಟ್ಸೊ ಪ್ರಸಂಗ ನೋಡಿದವರಿಗೆ ನಾನು ಹೇಳುತ್ತಿರುವುದು ಪೂರ್ತಿ ಅರ್ಥವಾಗುತ್ತದೆ. ಗ್ಯಾಟ್ಸೊ ಆ್ಯಂಗ್‌ನನ್ನು ಸಾಕಿದ ಗುರು. ನೆನಪಿನ ದೃಶ್ಯದಲ್ಲಿ ಗುರು-ಶಿಷ್ಯ ಸೇರಿ ಕೇಕುಗಳನ್ನು ಗಾಳಿಯಲ್ಲಿ ಹಾರಿಸಿ, ಕೆಳಗೆ ಧ್ಯಾನಕ್ಕೆ ಕೂತ ಹಿರಿಯ ಸನ್ಯಾಸಿಗಳ ತಲೆ ಮೇಲೆ ಬೀಳಿಸುತ್ತಾರೆ. ಅವರಿಬ್ಬರೂ ಬಿದ್ದು ಬಿದ್ದು ನಗುತ್ತಾರೆ, ನಾವೂ ನಗುತ್ತೇವೆ. ಅದೇ ಎಪಿಸೋಡಿನಲ್ಲಿ ಆ್ಯಂಗ್ ತನ್ನ ಹಳೆಯ ಗುಡಿಗೆ ಓಡಿಹೋಗುತ್ತಾನೆ, ಅಲ್ಲಿ ಅವನಿಗೆ ಸಿಗುವುದು ಗ್ಯಾಟ್ಸೊನ ಅಸ್ಥಿಪಂಜರ, ಸುತ್ತ ಬೆಂಕಿ ನಾಡಿನ ಸೈನಿಕರ ಎಲುಬುಗಳು. ಮುದುಕ ಒಬ್ಬನೇ ಕೊನೆಯವರೆಗೂ ಹೋರಾಡಿದ್ದಾನೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೇಕು ಎಸೆದ ಕೈ ಅದು ಅನ್ನೋದು ನಮಗೆ ಗೊತ್ತಿರುವುದರಿಂದಲೇ ಆ ಎಲುಬು ನೋಡಿ ಎದೆ ಒಡೆಯುತ್ತದೆ. ನಗು ಕಿತ್ತು ಹಾಕಿದರೆ ದುಃಖಕ್ಕೆ ಹಿಡಿದುಕೊಳ್ಳೋಕೆ ಏನೂ ಉಳಿಯಲ್ಲ. ಉಪ್ಪು ಹಾಕದ ಸಾರಿನ ಹಾಗೆ, ಬೇಕಾದ್ದೆಲ್ಲ ಒಳಗಿದೆ, ನಾಲಗೆಗೆ ಯಾವುದೂ ತಾಗುವುದಿಲ್ಲ.

ಪಾತ್ರಗಳಿಗೆ ನಟರನ್ನು ಆರಿಸಿದ ವಿಷಯ ಬಿಡೋಕಾಗಲ್ಲ. ಕಾರ್ಟೂನಿನ ನೀರಿನ ನಾಡು ಉತ್ತರ ಧ್ರುವದ ಕಡೆಯ ಇನ್ಯೂಟ್ ಜನರ ಬದುಕಿನಿಂದ ಎತ್ತಿಕೊಂಡದ್ದು, ಉಳಿದ ನಾಡುಗಳು ಏಷ್ಯಾದವು. ಸಿನಿಮಾದಲ್ಲಿ ಮೂವರು ಒಳ್ಳೆಯ ಮಕ್ಕಳೂ ಬಿಳಿಯರು. ಹಿಂದೆ ನಿಂತ ಊರಿನವರು ಬೇರೆ ಥರ ಕಾಣುತ್ತಾರೆ. ದಾಳಿ ಮಾಡುವ ಬೆಂಕಿ ನಾಡಿಗೆ ಬಂದರೆ ದೇವ್ ಪಟೇಲ್, ಆಸಿಫ್ ಮಾಂಡ್ವಿ ಮುಂತಾದ ನಮ್ಮ ಕಡೆಯ ಚಹರೆಗಳು. ಏಷ್ಯಾದ ಕಥೆಯಲ್ಲಿ ಏಷ್ಯಾದ ಮಕ್ಕಳಿಗೆ ಹೀರೋ ಆಗುವ ಅವಕಾಶ ಇಲ್ಲ, ವಿಲನ್ ಆಗುವ ಅವಕಾಶ ಇದೆ. ಬಿಡುಗಡೆಗೆ ಮುಂಚಿನಿಂದಲೇ ಅಭಿಮಾನಿಗಳು ಇದನ್ನು ವಿರೋಧಿಸಿದ್ದರು, ಸರಿಯಾಗಿಯೇ ವಿರೋಧಿಸಿದ್ದರು. ವಿಚಿತ್ರ ಅಂದರೆ ಸಿನಿಮಾದಲ್ಲಿ ಸ್ವಲ್ಪವಾದರೂ ಜೀವ ಇರುವುದು ದೇವ್ ಪಟೇಲ್ ಮತ್ತು ಐರೋ ಆದ ಶಾನ್ ಟೂಬ್ ಒಟ್ಟಿಗಿರುವ ಸೀನುಗಳಲ್ಲಿ. ಜೇಮ್ಸ್ ನ್ಯೂಟನ್ ಹಾವರ್ಡ್ ಸಂಗೀತವೂ ತುಂಬಾ ಚೆನ್ನಾಗಿದೆ, ಇದಕ್ಕಿಂತ ಒಳ್ಳೆಯ ಸಿನಿಮಾಗೆ ಸಲ್ಲಬೇಕಾದದ್ದು.

ಮಾಮೂಲಿ ಕ್ಯಾಮೆರಾದಲ್ಲಿ ತೆಗೆದು ಆಮೇಲೆ ಥ್ರೀಡಿಗೆ ತಿರುಗಿಸಿದ್ದರಿಂದ ಪರದೆ ಕತ್ತಲಾಗಿತ್ತು. ಅಮೆರಿಕದಲ್ಲಿ ಕೆಟ್ಟ ಸಿನಿಮಾಗಳಿಗೆ ಕೊಡುವ ರ‍್ಯಾಜಿ ಪ್ರಶಸ್ತಿಗಳಲ್ಲಿ ಐದು ಬಂದವು, ಅದರಲ್ಲಿ ಒಂದು ಈ ಥ್ರೀಡಿಗೇ. ದುಡ್ಡು ಜಗತ್ತಿನಾದ್ಯಂತ 30 ಕೋಟಿ ಡಾಲರ್ ದಾಟಿತು, ಆದರೂ ಯೋಚಿಸಿದ್ದ ಮುಂದಿನ ಎರಡು ಭಾಗ ಬರಲೇ ಇಲ್ಲ.

2024ರಲ್ಲಿ ನೆಟ್‌ಫ್ಲಿಕ್ಸ್ ಇದನ್ನೇ ಎಂಟು ಎಪಿಸೋಡುಗಳ ಸರಣಿ ಮಾಡಿತು. ಇದು ಎಷ್ಟೋ ವಾಸಿ. ಮುಖಗಳು ಸರಿಯಾಗಿವೆ, ಬೆಂಕಿ ಬರಿಗೈಯಿಂದ ಬರುತ್ತದೆ, ಆ್ಯಂಗ್ ಮತ್ತೆ ನಗುತ್ತಾನೆ. ಆದರೂ ಹಳೆ ರೋಗದ ಒಂದು ಎಳೆ ಉಳಿದಿದೆ. ಇಲ್ಲಿ ಆ್ಯಂಗ್ ತನಗೆ ಆಟ ಆಡೋದು, ಕೇಕು ತಿನ್ನೋದು, ಗೆಳೆಯರ ಜೊತೆ ತಮಾಷೆ ಮಾಡೋದು ಇಷ್ಟ ಅಂತ ಬಾಯಲ್ಲೇ ಹೇಳಿಕೊಳ್ಳುತ್ತಾನೆ. ಗಾಳಿ ನಾಡಿನವರ ಕಗ್ಗೊಲೆಯನ್ನು ಶುರುವಿನಲ್ಲೇ ಪೂರ್ತಿ ತೋರಿಸಿಬಿಡುತ್ತಾರೆ, ಕಾರ್ಟೂನು ಅದಕ್ಕೆ ಒಂದೇ ಒಂದು ಅಸ್ಥಿಪಂಜರ ಸಾಕು ಅಂದುಕೊಂಡಿತ್ತು. ದೊಡ್ಡವರಿಗಾಗಿ ಮಾಡುತ್ತಿದ್ದೇವೆ ಅನ್ನುವಾಗ ಇವರೆಲ್ಲ ಯಾಕೆ ದೊಡ್ಡವರನ್ನು ಮಕ್ಕಳಿಗಿಂತ ದಡ್ಡರು ಅಂದುಕೊಳ್ಳುತ್ತಾರೋ!

ಕಾರ್ಟೂನನ್ನು ನಿಜವಾದ ನಟರಿಟ್ಟು ಮಾಡುವುದೇ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. 2023ರಲ್ಲಿ ಬಂದ 'ಒನ್ ಪೀಸ್' ಸರಣಿಯಲ್ಲಿ ಹೀರೋನ ಕೈ ರಬ್ಬರಿನಂತೆ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಹುಲ್ಲಿನ ಟೋಪಿ ಹಾಕಿಕೊಂಡು ಹಲ್ಲು ಕಿರಿದು ನಗುತ್ತಾನೆ. ನೋಡೋಕೆ ವಿಚಿತ್ರವಾಗಿಯೇ ಇದೆ. ಆದರೆ ಮಾಡಿದವರು ಅದಕ್ಕೆ ನಾಚಿಕೊಂಡಿಲ್ಲ, ಮೂಲ ಕಥೆ ಬರೆದ ಐಇಚಿರೊ ಓಡಾ ಕೂಡ ಜೊತೆಗಿದ್ದರು. ಅವತಾರ್ ಕಾರ್ಟೂನಿನ ಇಬ್ಬರು ಸೃಷ್ಟಿಕರ್ತರು ನೆಟ್‌ಫ್ಲಿಕ್ಸ್ ಸರಣಿಯಿಂದ 2020ರಲ್ಲೇ ಹೊರನಡೆದಿದ್ದರು.

ಸಿನಿಮಾ ಮಾತ್ರ ನೋಡಿ ಈ ಕಥೆಯನ್ನೇ ಪಕ್ಕಕ್ಕೆ ಇಟ್ಟವರು ಯಾರಾದರೂ ಇದ್ದರೆ, ದಯವಿಟ್ಟು ಕಾರ್ಟೂನಿನ ಮೊದಲ ಸೀಸನ್ನಿನ 12ನೇ ಎಪಿಸೋಡಿನ ತನಕ ಬನ್ನಿ. ಶತ್ರು ರಾಜಕುಮಾರ ಜೂಕೋ ಮುಖದ ಮೇಲೆ ಆ ಸುಟ್ಟ ಗಾಯ ಹೇಗಾಯಿತು ಅಂತ ಅಲ್ಲಿ ಹೇಳುತ್ತಾರೆ. ಸಿನಿಮಾದಲ್ಲಿ ಅದನ್ನು ದಾರಿಯಲ್ಲಿ ಸಿಕ್ಕ ಒಬ್ಬ ಪುಟ್ಟ ಹುಡುಗನ ಬಾಯಲ್ಲಿ ಪಾಠ ಒಪ್ಪಿಸಿದಂತೆ ಹೇಳಿಸಿದ್ದಾರೆ. ಕಾರ್ಟೂನಿನಲ್ಲಿ ಹೇಳುವವನು ಐರೋ, ಕೇಳುವವರು ಜೂಕೋನ ಮೇಲೆ ಸಿಟ್ಟಾಗಿರುವ ಅವನದೇ ಹಡಗಿನ ನಾವಿಕರು. ಹೊಸದಾಗಿ ಸೇರಿದ ಸೈನಿಕರನ್ನು ಬಲಿ ಕೊಡಬೇಡಿ ಅಂತ ಸಭೆಯಲ್ಲಿ ಬಾಯಿಬಿಟ್ಟದ್ದಕ್ಕೆ 13 ವರ್ಷದ ಹುಡುಗ ಹೆತ್ತ ಅಪ್ಪನ ಎದುರೇ ಕಾಳಗಕ್ಕೆ ನಿಲ್ಲಬೇಕಾಗುತ್ತದೆ. ಅವನು ಹೊಡೆದಾಡುವುದಿಲ್ಲ, ಮಂಡಿಯೂರಿ ಅಳುತ್ತಾನೆ. ಅಪ್ಪ ಕೈ ಎತ್ತುತ್ತಾನೆ. ಆಗ ನಾನು ಮುಖ ತಿರುಗಿಸಿದೆ ಅಂತ ಐರೋ ಒಪ್ಪಿಕೊಳ್ಳುತ್ತಾನೆ. ಕಥೆ ಕೇಳಿದ ಮೇಲೆ ಬಿರುಗಾಳಿಯಲ್ಲಿ ಹಡಗಿನ ಚುಕ್ಕಾಣಿ ಹಿಡಿಯುವವನು ಮೇಲೆ ನೇತಾಡುತ್ತಾ ಸಿಕ್ಕಿಕೊಳ್ಳುತ್ತಾನೆ, ಅವನನ್ನು ಉಳಿಸೋಕೆ ಏಣಿ ಹತ್ತುವವನು ಜೂಕೋ. ನಾವಿಕರು ಅವನನ್ನು ನೋಡುವ ನೋಟವೇ ಆಗ ಬೇರೆ, ಅದನ್ನು ಯಾವ ಹಿನ್ನೆಲೆ ಧ್ವನಿಯೂ ನಮಗೆ ವಿವರಿಸುವುದಿಲ್ಲ.